ಒಂದನೇ ಮೊಳೆಯ ಬಿಲ್ಲೆಗಳು

ನನ್ನ ಅಕ್ಕನನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಎರಡು ನಾಲಗೆಯವನು ಎನ್ನಬಾರದು. ಊರಾಚೆಯ ಕೆರೆಯ ಗೇಟಿನಲ್ಲಿ ಕೂತು, ಗಾಳ ಹಾಕಲು ಬಂದವರ ಮೀನು ಅಳೆಯುವುದು ಅವಳ ಕೆಲಸ. ಎಲ್ಲರೂ ಅವಳನ್ನು ಗೇಣಕ್ಕ ಎನ್ನುತ್ತಾರೆ. ಒಂದೂವರೆ ಗೇಣಿಗಿಂತ ಚಿಕ್ಕ ಮೀನನ್ನು ಕೆರೆಯಿಂದ ಒಯ್ಯುವಂತಿಲ್ಲ. ಇವಳು ಹತ್ತು ಹೆಜ್ಜೆ ದೂರದಿಂದಲೇ "ಎರಡು ಬೆರಳು ಕಡಿಮೆ ಇದೆ, ವಾಪಸ್ ಬಿಡು" ಎನ್ನುತ್ತಾಳೆ. ಅಳೆದು ನೋಡಿದರೆ ಸರಿಯಾಗಿ ಎರಡು ಬೆರಳು ಕಡಿಮೆ ಇರುತ್ತದೆ. ನನಗೆ ಮೈ ಉರಿಯುವುದು ಅದಕ್ಕೇ. ಒಂದು ಸಲವಾದರೂ ಮನುಷ್ಯರ ಹಾಗೆ ತಪ್ಪಬಾರದೆ?

ಇದು ಕೆರೆಗೆ ಬಂದ ಮೇಲೆ ಅಂಟಿದ ಗುಣವೇನಲ್ಲ. ಅದಕ್ಕೆ ಮೊದಲು ಬಟ್ಟೆ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಬಟ್ಟೆ ಅಳೆದವಳು. ಬೇರೆಯವರು ಕತ್ತರಿ ಹಾಕುವಾಗ ಗಿರಾಕಿಯ ಮುಖ ನೋಡಿ ಹೆಬ್ಬೆರಳಿನಷ್ಟು ಹೆಚ್ಚಿಗೆ ಬಿಡುತ್ತಾರೆ. ಇವಳು ಹೆಚ್ಚೂ ಬಿಡಳು, ಕಡಿಮೆಯೂ ಕೊಡಳು. ನನ್ನ ಮದುವೆಯ ಅಂಗಿಗೆ ಬಟ್ಟೆ ತರಲು ಹೋದಾಗ, "ನಾಲ್ಕು ಬೆರಳು ಜಾಸ್ತಿ ಬಿಡಕ್ಕ, ನಿನ್ನ ತಮ್ಮ ಅಲ್ವಾ ನಾನು?" ಎಂದೆ. "ತಮ್ಮ ಆದ್ರೆ ತೋಳು ಉದ್ದ ಇರುತ್ತೇನೋ?" ಎಂದಳು. ಅಂಗಡಿಯವರೆಲ್ಲ ಗೊಳ್ಳೆಂದು ನಕ್ಕರು. ಅಕ್ಕನ ಮದುವೆಯಾದ ಆರನೇ ವರ್ಷಕ್ಕೇ ಭಾವ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಮುಂದೆ ಆ ಅಂಗಡಿಯೂ ಮುಚ್ಚಿತು. ಮಾಲೀಕರು ನೆನಪಿಗೆ ಒಂದು ಸೀರೆ ಕೊಡಲು ಬಂದರೆ ಬೇಡವೆಂದು, ಎರಡೂ ತುದಿಗೆ ಹಿತ್ತಾಳೆ ಹೊಡೆದ ಮರದ ಮೀಟರ್ ಕೋಲನ್ನು ಕೇಳಿ ತಂದಳು. ಈಗ ಮೀನು ಅಳೆಯುವುದು ಅದರಲ್ಲೇ. ಕೆರೆಯ ಕಚೇರಿಯವರು ಕೆಲಸದ ಜೊತೆಗೆ ಗೇಟಿನ ಹಿಂದಿನ ಒಂದು ಕೋಣೆಯನ್ನೂ ಕೊಟ್ಟಿದ್ದರು. ಆ ಕೆಲಸ, ಆ ಕೋಣೆ ಬಿಟ್ಟರೆ ಅವಳಿಗೆ ಬೇರೆ ನೆಲೆಯಿರಲಿಲ್ಲ.

ನಾನು ತಂತಿ ಜಾಲರಿ ಹೆಣೆಯುವವನು. ಕಿಟಕಿ ಜಾಲರಿ, ಕೋಳಿಗೂಡು, ಜರಡಿ, ಬೇಲಿ, ಏನು ಹೇಳಿದರೂ ಮಾಡಿಕೊಡುತ್ತೇನೆ. ಬೀದಿಗೆ ತೆರೆದುಕೊಂಡ ಒಂದು ಕಾರ್ಖಾನೆ, ಅದರ ಮೇಲೆ ಮನೆ. ಆರು ದಿನ ಬೆರಳಿಗೆ ತಂತಿ ಚುಚ್ಚಿಸಿಕೊಂಡವನಿಗೆ ಭಾನುವಾರ ಒಂದು ದಿನ ಗಾಳ ಹಿಡಿದು ನೀರಿನ ಮುಂದೆ ಕೂರುವುದೇ ಸುಖ. ಕೆರೆಯ ಕೋಡಿಗೆ, ಅಂದರೆ ತುಂಬಿದ ನೀರು ಆಚೆ ಹರಿಯುವ ಜಾಗಕ್ಕೆ, ಹಾಕಿರುವ ಕಬ್ಬಿಣದ ಜಾಲರಿ ನಾನು ಮಾಡಿದ್ದು. ಗೇಟಿನ ಹಲಗೆಯ ಬಿಲ್ಲೆಗಳೂ ನನ್ನವೇ.

ಆ ಬಿಲ್ಲೆಗಳ ವಿಷಯ ಹೇಳದಿದ್ದರೆ ಮುಂದಿನದು ತಿಳಿಯದು. ಗೇಟಿನ ಪಕ್ಕ ಒಂದು ಹಲಗೆ, ಅದರಲ್ಲಿ ನಲವತ್ತು ಮೊಳೆ. ಪಾಸು ಇದ್ದವನಿಗೆ ಒಂದು ಮೊಳೆ, ಮೊಳೆಗೆ ಮೂರು ತಗಡಿನ ಬಿಲ್ಲೆ. ವಾರಕ್ಕೆ ಮೂರೇ ಮೀನು. ಮನೆಗೆ ಒಯ್ಯುವ ಮೀನು ಸಿಕ್ಕ ಕೂಡಲೇ ಅದರ ಕಿವಿರಿಗೆ ಬಿಲ್ಲೆ ಪೋಣಿಸಬೇಕು. ಹೊರಡುವಾಗ ಗೇಟಿನಲ್ಲಿ ಅಳೆಸಿ, ಬಿಲ್ಲೆ ಬಿಚ್ಚಿ ಪೆಟ್ಟಿಗೆಗೆ ಹಾಕಬೇಕು. ಸೋಮವಾರ ಸಂಜೆ ಕಚೇರಿಯವನೊಬ್ಬ ಬಂದು ಎಣಿಸಿ, ಮತ್ತೆ ಮೊಳೆಗಳಿಗೆ ತೂಗುಹಾಕಿ ಹೋಗುತ್ತಾನೆ. ವರ್ಷಕ್ಕೆ ಇಂತಿಷ್ಟೇ ಮೀನು ಎಂದು ಗೊತ್ತುಮಾಡಿದ್ದಾರೆ. ಅಷ್ಟು ಬಿಲ್ಲೆ ಬಿದ್ದ ದಿನ ಕೆರೆಗೆ ಬೀಗ. ನನ್ನದು ಹದಿನೇಳನೇ ಮೊಳೆ. ಒಂದನೆಯದು ಗೇಟು ಕಾಯುವವರದು, ಅಂದರೆ ಅಕ್ಕನದು.

ನಮ್ಮ ಜಗಳ ಹೊಸದಲ್ಲ, ಆದರೆ ಹೊತ್ತಿಕೊಂಡದ್ದು ಬೀಗರು ಬಂದ ದಿನ. ನನ್ನ ಮಗಳ ಮದುವೆಯ ಮಾತುಕತೆ ಮುಗಿದು, ಗಂಡಿನ ತಂದೆ "ನಿಮ್ಮ ಕೆರೆ ತೋರಿಸಿ, ನಂಗೂ ಗಾಳದ ಹುಚ್ಚು" ಎಂದರು. ಅವರಿಗೆ ಒಂದು ದಿನದ ಪಾಸು ಮಾಡಿಸಿ ಕರೆದುಕೊಂಡು ಹೋದೆ. ಮೂರು ಮೀನು ಸಿಕ್ಕಿತು. ನಾನು ಎದೆ ಸೆಟೆಸಿಕೊಂಡು ಗೇಟಿಗೆ ಬಂದೆ. ಅಕ್ಕ ಮೂರನೆಯದನ್ನು ಕೋಲಿನ ಮೇಲಿಟ್ಟು, "ಇದು ಅರ್ಧ ಬೆರಳು ಕಡಿಮೆ" ಎಂದಳು.

"ಅಕ್ಕಾ, ಬೀಗರು ಬಂದಿದಾರೆ," ಎಂದೆ, ಹಲ್ಲು ಕಚ್ಚಿಕೊಂಡು.

"ನಮಸ್ಕಾರ," ಎಂದಳು ಅವರ ಕಡೆ ತಿರುಗಿ. ಆಮೇಲೆ ನನಗೆ, "ಕೈ ಒದ್ದೆ ಮಾಡ್ಕೊಂಡು ಹಿಡಿ. ಒಣ ಕೈಲಿ ಹಿಡಿದ್ರೆ ಅದರ ಮೈ ಕಿತ್ತು ಬರುತ್ತೆ. ಮೆಲ್ಲಗೆ ಬಿಟ್ಟು ಬಾ."

ಮಗಳನ್ನು ಕೊಡಲಿರುವ ಮನೆಯವರ ಎದುರಿಗೆ ನಾನು ಪ್ಯಾಂಟು ಮಡಿಚಿ ನೀರಿಗಿಳಿದು, ಮಗುವನ್ನು ತೊಟ್ಟಿಲಿಗೆ ಹಾಕುವವನ ಹಾಗೆ ಆ ಮೀನನ್ನು ಬಿಟ್ಟು ಬಂದೆ. ಬೀಗರು ಮೀಸೆಯಡಿಯಲ್ಲೇ ನಕ್ಕರು. ದಾರಿಯುದ್ದಕ್ಕೂ ನನಗೆ ತಲೆಯೆತ್ತಲು ಆಗಲಿಲ್ಲ. ಇವಳ ಕೊಬ್ಬು ಇಳಿಸದಿದ್ದರೆ ನಾನು ನನ್ನಪ್ಪನಿಗೆ ಹುಟ್ಟಿದವನೇ ಅಲ್ಲ ಎಂದುಕೊಂಡೆ. ಅವಳೂ ಅದೇ ಅಪ್ಪನಿಗೆ ಹುಟ್ಟಿದವಳು ಎನ್ನುವುದು ಆಗ ಹೊಳೆಯಲಿಲ್ಲ.

ಇನ್ನೊಂದು ತಕರಾರೂ ಇತ್ತು. ನಾನು ಹಿಡಿದ ಮೀನನ್ನು ಹೆಣದ ಹಾಗೆ ದಾರದಲ್ಲಿ ತೂಗುಹಾಕುವವನಲ್ಲ. ಅದಕ್ಕೆಂದೇ ಒಂದು ತಂತಿಬುಟ್ಟಿ ಹೆಣೆದುಕೊಂಡಿದ್ದೆ, ಚೌಕ ಕಣ್ಣಿನದು, ಮುಚ್ಚಳ ಇರುವುದು. ಅದನ್ನು ದಡದ ನೀರಿನಲ್ಲಿ ಮುಳುಗಿಸಿ, ಸಿಕ್ಕ ಮೀನನ್ನು ಜೀವಂತ ಅದರೊಳಗೆ ಬಿಡುತ್ತಿದ್ದೆ. ಬಿಲ್ಲೆ ಕಟ್ಟುವುದು ಹೊರಡುವಾಗ. ಮೂರು ಮೀನು ಆದ ಮೇಲೂ ಗಾಳ ಹಾಕುತ್ತಿದ್ದೆ. ದೊಡ್ಡದು ಸಿಕ್ಕರೆ ಬುಟ್ಟಿಯ ಚಿಕ್ಕದನ್ನು ಕೆರೆಗೆ ಬಿಟ್ಟು ದೊಡ್ಡದನ್ನು ಇಟ್ಟುಕೊಳ್ಳುತ್ತಿದ್ದೆ. ಲೆಕ್ಕ ಮೂರೇ ತಾನೆ? ಗೇಟಿಗೆ ಬರುವಾಗ ಎಲ್ಲರಿಗಿಂತ ದೊಡ್ಡ ಮೂರು ಮೀನು ನನ್ನವೇ ಆಗಿರುತ್ತಿದ್ದವು. ಜನ ಹೊಟ್ಟೆ ಉರಿದುಕೊಳ್ಳುತ್ತಿದ್ದರು, ನಾನು ಮೀಸೆ ತಿರುವುತ್ತಿದ್ದೆ.

ಅಕ್ಕ ಒಮ್ಮೆ ಬುಟ್ಟಿಯನ್ನು ಎತ್ತಿ ನೋಡಿ, "ಬುಟ್ಟಿಗೆ ಹಾಕಿದ್ರೆ ಅದು ನಿಂದಾಯ್ತು, ಬಿಲ್ಲೆ ಬೀಳಬೇಕು. ಬದಲಾಯಿಸೋ ಹಾಗಿಲ್ಲ. ಬದಲಾಯಿಸ್ತೀಯಾ?" ಎಂದು ಕೇಳಿದಳು.

"ನೀನು ಕಂಡಿದೀಯಾ?"

"ಇಲ್ಲ. ನೀನು ಕೂರೋದು ಜೊಂಡಿನ ಆಚೆ."

"ಹಾಗಾದ್ರೆ ಸುಮ್ನಿರು. ಬಿಟ್ಟ ಮೀನು ಬಾಲ ಬಡ್ಕೊಂಡು ಹೋಗುತ್ತೆ, ಅದಕ್ಕೇನು ಜ್ವರ ಬರುತ್ತಾ?"

"ಸೋಮವಾರ ಬೆಳಕು ಹರಿಯೋ ಹೊತ್ತಿಗೆ ಕೋಡಿ ಹತ್ರ ಬಾ. ಒಂದು ಸಲ ಬಂದು ನೋಡು," ಎಂದಳು. ಸೋಮವಾರ ಬೆಳಿಗ್ಗೆ ನನ್ನ ಕಾರ್ಖಾನೆಗೆ ತಂತಿಯ ಸುರುಳಿಗಳು ಬಂದು ಬೀಳುವ ಹೊತ್ತು. ಇವಳ ಪಾಠ ಕೇಳಲು ಯಾರಿಗೆ ಬಿಡುವು? ಹೋಗಲಿಲ್ಲ.

ಬೀಗರ ಮುಂದೆ ಮಾನ ಹೋದ ಮೇಲೆ ಒಂದು ತಿಂಗಳು ಕೆರೆಯ ಬೇಲಿ ಸರಿಮಾಡುವ ಕೆಲಸ ಸಿಕ್ಕಿತು. ಸೋಮವಾರ ಮಧ್ಯಾಹ್ನ ಗೇಟಿನ ಹತ್ತಿರ ತಂತಿ ಬಿಗಿಯುತ್ತಿದ್ದಾಗ ಹಲಗೆಯ ಮೇಲೆ ಕಣ್ಣು ಬಿತ್ತು. ಒಂದನೇ ಮೊಳೆ ಖಾಲಿ. ಹಿಂದಿನ ಸಂಜೆ ನಾನು ಹೊರಡುವಾಗ ಅಲ್ಲಿ ಮೂರೂ ಬಿಲ್ಲೆ ತೂಗುತ್ತಿದ್ದವು. ಅಕ್ಕ ಗಾಳ ಮುಟ್ಟಿ ಎರಡು ವರ್ಷವಾಗಿತ್ತು. ಅವಳ ಗಾಳದ ಕೋಲು ಕೋಣೆಯ ಅಟ್ಟದಲ್ಲಿ ಜೇಡರ ಬಲೆ ಕಟ್ಟಿಕೊಂಡು ಬಿದ್ದಿದ್ದನ್ನು ನಾನೇ ನೋಡಿದ್ದೆ. ಮುಂದಿನ ಸೋಮವಾರವೂ ಖಾಲಿ. ಅದರ ಮುಂದಿನ ವಾರ ಎರಡು ಹೋಗಿ ಒಂದು ಉಳಿದಿತ್ತು. ನಾಲ್ಕನೇ ಸೋಮವಾರ ಮತ್ತೆ ಮೂರೂ ಇಲ್ಲ.

ಆಹಾ, ಸಿಕ್ಕಿಬಿದ್ದೆಯಾ ತಾಯಿ, ಎಂದುಕೊಂಡೆ. ಗಾಳ ಹಾಕದವಳಿಗೆ ಮೀನು ಎಲ್ಲಿಂದ ಬರುತ್ತದೆ? ನಮ್ಮಿಂದ "ವಾಪಸ್ ಬಿಡು" ಎಂದು ಬಿಡಿಸಿದವನ್ನೇ ರಾತ್ರಿ ಬಲೆ ಹಾಕಿ ಎತ್ತಿ ಬಾಣಲೆಗೆ ಹಾಕುತ್ತಿದ್ದಾಳೆ! ಅಂದು ಮನೆಗೆ ಹೋದವನು ಹೆಂಡತಿಯ ಮುಂದೆ ಕುಣಿದಾಡಿದೆ. ಅವಳು ಪಾತ್ರೆ ಒರೆಸುತ್ತಾ, "ನಿಮ್ಮಕ್ಕ ಕದಿಯೋರಲ್ಲ ರೀ. ಮೊದಲು ಅವರನ್ನೇ ಕೇಳಿ," ಎಂದಳು. ಕೇಳಲಿಲ್ಲ. ಕೇಳಿದರೆ ಉತ್ತರ ಕೊಟ್ಟುಬಿಡುತ್ತಾಳೇನೋ ಎಂಬ ಭಯ ನನಗಿತ್ತು.

ನಿವೃತ್ತ ಮೇಷ್ಟ್ರೊಬ್ಬರು ನಮ್ಮ ಜೊತೆ ಗಾಳ ಹಾಕುತ್ತಿದ್ದರು. ಅವರ ಅಕ್ಷರ ಮುತ್ತಿನಂತೆ, ಮನಸ್ಸು ಮಾತ್ರ ಕಹಿ. ಅಕ್ಕ ಅವರನ್ನೂ ಎಷ್ಟೋ ಸಲ ಗೇಟಿನಿಂದ ನೀರಿಗೆ ಓಡಿಸಿದ್ದಳು. ಅರ್ಜಿ ಅವರೇ ಬರೆದರು. ಇಪ್ಪತ್ತಮೂರು ಜನ ಸಹಿ ಹಾಕಿದರು. "ಮೇಲೆ ನಿನ್ನ ಸಹಿ ಇರಲಿ ಮಾರಾಯ," ಎಂದರು ಮೇಷ್ಟ್ರು, "ಒಡಹುಟ್ಟಿದೋನೇ ಹೇಳಿದ ಮೇಲೆ ಯಾರು ನಂಬಲ್ಲ?" ನಾನು ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ದೊಡ್ಡದಾಗಿ ಸಹಿ ಹಾಕಿದೆ.

ಕೆರೆಯ ಕಚೇರಿಯ ಸಾಹೇಬರು ವಿಚಾರಣೆಗೆ ಬಂದರು. ಗೇಟಿನ ಮುಂದೆ ಒಂದು ಮೇಜು, ಸುತ್ತ ನಾವೆಲ್ಲ. ಅಕ್ಕ ಮೀಟರ್ ಕೋಲು ಹಿಡಿದುಕೊಂಡೇ ನಿಂತಿದ್ದಳು.

"ನಿಮ್ಮ ಬಿಲ್ಲೆ ಪ್ರತಿ ವಾರ ಪೆಟ್ಟಿಗೆಗೆ ಬೀಳ್ತಿದೆಯಂತೆ. ನೀವು ಗಾಳ ಹಾಕಲ್ವಂತೆ. ನಿಜಾನಾ?"

"ನಿಜ ಸಾರ್. ಭಾನುವಾರ ಕಳೆದು ಸೋಮವಾರ ಕೋಡಿ ಜಾಲರೀಲಿ ಸತ್ತ ಮೀನು ಸಿಗುತ್ತೆ. ಒಂದೊಂದು ವಾರ ಒಂದು, ಒಂದೊಂದು ವಾರ ಮೂರು. ಎರಡು ವರ್ಷದಿಂದ. ಅವಕ್ಕೆ ಹಾಕಿದೀನಿ. ಕೆರೆಯಿಂದ ಹೋದ ಮೀನು ಹೋದ ಹಾಗೇ ಅಲ್ವಾ? ಯಾರ ಬಿಲ್ಲೇನೂ ಬೀಳದಿದ್ರೆ ಲೆಕ್ಕ ಸುಳ್ಳಾಗುತ್ತೆ."

"ಆ ಮೀನೆಲ್ಲ ಏನಾಯ್ತು?"

"ಬೇಲಿ ಪಕ್ಕ ಹೂತಿದೀನಿ. ಅಗೆದ್ರೆ ಮುಳ್ಳು ಸಿಗುತ್ತೆ."

"ಮುಳ್ಳು ತಿಂದವರ ಮನೇಲೂ ಸಿಗುತ್ತೆ ಸಾರ್," ಎಂದರು ಮೇಷ್ಟ್ರು. ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಸಾಹೇಬರು ಕೆಟ್ಟವರಲ್ಲ. ಎರಡು ಸಲ ಕೇಳಿದರು. "ನೋಡಿಮ್ಮ, ಮೀನು ಪ್ರತಿ ವಾರ ತಾವಾಗೇ ಸಾಯಲ್ಲ. ಯಾರೋ ಕೊಲ್ತಿದಾರೆ ಅಂತ ತಾನೇ ನೀವು ಹೇಳೋದು? ಯಾರ ಮೇಲಾದ್ರೂ ಅನುಮಾನ ಇದ್ರೆ ಹೇಳಿ. ಇಲ್ದಿದ್ರೆ ನಿಮ್ಮ ಕೆಲಸ ಉಳಿಸೋಕೆ ನನ್ನಿಂದ ಆಗಲ್ಲ."

ಅಕ್ಕ ಒಮ್ಮೆ ನನ್ನ ಕಡೆ ನೋಡಿದಳು. ಸಹಾಯ ಬೇಡುತ್ತಿದ್ದಾಳೆ ಎಂದುಕೊಂಡು ನಾನು ಮುಖ ತಿರುಗಿಸಿದೆ.

"ಅನುಮಾನನ ಕೋಲಿಟ್ಟು ಅಳೆಯೋಕೆ ಆಗಲ್ಲ ಸಾರ್," ಎಂದಳು. "ಕಣ್ಣಲ್ಲಿ ಕಂಡಿಲ್ಲ. ಕಾಣದ್ದನ್ನ ಹೇಳಲ್ಲ."

ಅಂದೇ ಅವಳ ಕೆಲಸ ಹೋಯಿತು. ಒಂದನೇ ಮೊಳೆಯ ಬಿಲ್ಲೆಗಳನ್ನು ಸಾಹೇಬರು ಜೇಬಿಗೆ ಹಾಕಿಕೊಂಡರು. ಸಂಜೆಯೊಳಗೆ ಕೋಣೆ ಖಾಲಿ ಮಾಡಬೇಕಿತ್ತು. ಅವಳಿಗೆ ಇನ್ನೆಲ್ಲಿ ದಿಕ್ಕು? ನನ್ನ ಹೆಂಡತಿಯೇ ಹೋಗಿ ಕರೆತಂದಳು. ಕಾರ್ಖಾನೆಯ ಮೇಲೆ, ನಮ್ಮ ಮನೆಗೆ ಅಂಟಿಕೊಂಡ ಸಾಮಾನಿನ ಕೋಣೆಯಲ್ಲಿ ಒಂದು ಟ್ರಂಕು, ಒಂದು ಗಾಳದ ಕೋಲು, ಒಂದು ಮೀಟರ್ ಕೋಲು ಇಟ್ಟುಕೊಂಡು ಅಕ್ಕ ಕೂತಳು. ನನ್ನ ಜೊತೆ ಮಾತಿಲ್ಲ. ಹೆಂಡತಿಯದೂ ಅರ್ಧ ಮಾತು. ಗೆದ್ದವನು ನಾನು, ಸತ್ತ ಮನೆಯ ಹಾಗಿದ್ದದ್ದು ನನ್ನದೇ ಮನೆ.

ಹೊಸಬರು ಬರುವ ತನಕ ಸಹಿ ಹಾಕಿದವರೇ ವಾರಕ್ಕೊಬ್ಬರಂತೆ ಗೇಟು ನೋಡಿಕೊಳ್ಳಬೇಕೆಂದು ಸಾಹೇಬರು ಹೇಳಿದ್ದರು. ಮೊದಲ ಸಹಿ ನನ್ನದು, ಮೊದಲ ವಾರವೂ ನನ್ನದೇ. ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಭಾನುವಾರ ಕೆರೆಗೆ ಹೋದೆ. ಏನು ದಿನ ಅದು! ಯಾರೂ ಅಳೆಯುವವರಿಲ್ಲ, ಬೈಯುವವರಿಲ್ಲ. ಮೇಷ್ಟ್ರು ಐದು ಮೀನು ತಂದು, "ನಮ್ಮವನೇ ಅಲ್ವೇನಯ್ಯಾ," ಎಂದು ಹೆಗಲು ತಟ್ಟಿ ಹೊರಟರು. ಇನ್ನೊಬ್ಬನ ಚೀಲದಲ್ಲಿ ಬೆರಳುದ್ದದ ಮರಿಗಳಿದ್ದವು. ಹೂಂ ಹೂಂ ಎಂದು ಬಿಟ್ಟೆ. ನಾನು ಮಾತ್ರ ಮೂರೇ ಒಯ್ದೆ, ಅಷ್ಟು ನೀತಿವಂತ! ಬುಟ್ಟಿಯಲ್ಲಿದ್ದ ಮೊದಲ ಮೂರನ್ನು ಒಂದೊಂದಾಗಿ ಬಿಟ್ಟು, ಅವುಗಳ ಜಾಗಕ್ಕೆ ತೋಳುದ್ದದ ಮೂರನ್ನು ಇಟ್ಟು, ನನ್ನ ಮೂರೂ ಬಿಲ್ಲೆ ಪೆಟ್ಟಿಗೆಗೆ ಹಾಕಿ ಮನೆಗೆ ಬಂದೆ. ಬಿಟ್ಟ ಮೂರೂ ಬಾಲ ಬಡಿದುಕೊಂಡು ಹೋದದ್ದನ್ನು ಈ ಕಣ್ಣಲ್ಲಿ ನೋಡಿದ್ದೆ.

ಗೇಟು ಕಾಯುವವರ ಸೋಮವಾರದ ಮೊದಲ ಕೆಲಸ ಕೋಡಿಯ ಜಾಲರಿಯ ಕಸ ತೆಗೆಯುವುದು. ಬೆಳಕು ಹರಿಯುವಾಗ ಹೋದೆ. ಎಲೆ, ಜೊಂಡು, ಒಂದು ಹಳೆಯ ಚಪ್ಪಲಿ. ಅವುಗಳ ನಡುವೆ ಹೊಟ್ಟೆ ಮೇಲೆ ಮಾಡಿಕೊಂಡು ಮೂರು ಮೀನು. ಒಂದನ್ನು ಎತ್ತಿದೆ. ಪಕ್ಕೆಯ ಹುರುಪೆ ಕಿತ್ತುಹೋಗಿ, ಬರಿ ಚರ್ಮದ ಮೇಲೆ ಚೌಕ ಚೌಕವಾಗಿ ಗೀರುಗಳು ಬಿದ್ದಿದ್ದವು. ಎರಡನೆಯದಕ್ಕೂ ಹಾಗೇ. ಮೂರನೆಯದರ ಮೂತಿ ತಂತಿಗೆ ಉಜ್ಜಿ ಉಜ್ಜಿ ಸವೆದಿತ್ತು. ಆ ಚೌಕದ ಅಳತೆಯನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮುಕ್ಕಾಲು ಅಂಗುಲ. ಕೋಡಿಯ ಜಾಲರಿಯ ಕಣ್ಣು ಅದರ ನಾಲ್ಕರಷ್ಟು ದೊಡ್ಡದು. ಅಷ್ಟು ಸಣ್ಣ ಕಣ್ಣಿನ ಬುಟ್ಟಿ ಆ ಕೆರೆಯಲ್ಲಿ ಒಂದೇ ಒಂದು ಇರುವುದು, ಹೆಣೆದವನು ನಾನು.

ಕೋಡಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಎರಡು ವರ್ಷ! ನಾನು ಭಾನುವಾರ ಕೊಂದದ್ದಕ್ಕೆ ಅವಳು ಸೋಮವಾರ ತನ್ನ ಬಿಲ್ಲೆ ಕಟ್ಟುತ್ತಿದ್ದಳು. ಅವಳ ಪಾಲಿನ ಮೂರು ಮೀನು ನನ್ನಿಂದಲೇ ಮುಗಿದುಹೋಗುತ್ತಿದ್ದವು, ಅದಕ್ಕೇ ಗಾಳ ಅಟ್ಟ ಸೇರಿತ್ತು. ಹುಳು ಸಿಕ್ಕಿಸುವುದನ್ನು ನನಗೆ ಆರನೇ ವಯಸ್ಸಿನಲ್ಲಿ ಕಲಿಸಿದವಳು ಅವಳು. ಗಾಳ ಎಂದರೆ ನನಗಿಂತ ಹೆಚ್ಚು ಪ್ರಾಣ ಬಿಡುತ್ತಿದ್ದಳು. ನನಗೆ ಅಳು ಬಂತು. ಅವಳ ಮೇಲೆ ಕೋಪವೂ ಬಂತು. ಬಾಯಿಬಿಟ್ಟು ಹೇಳುವುದಕ್ಕೆ ಏನಾಗಿತ್ತು ಈ ಹೆಂಗಸಿಗೆ?

ಮೂರನ್ನೂ ಬುಟ್ಟಿಗೆ ಹಾಕಿಕೊಂಡು ಸೀದಾ ಸಾಮಾನಿನ ಕೋಣೆಗೆ ಹತ್ತಿದೆ. ಅಕ್ಕ ಕಿಟಕಿಯ ಹತ್ತಿರ ಕೂತು ಹರಿದ ಸೆರಗು ಹೊಲಿಯುತ್ತಿದ್ದಳು. ಬುಟ್ಟಿಯನ್ನು ಅವಳ ಮುಂದೆ ಇಟ್ಟೆ. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಕೋಲು ತೆಗೆದು, ಮೂರನ್ನೂ ಅಳೆದಳು.

"ಮೂರೂ ಸರಿಯಾಗಿವೆ. ಬಿಲ್ಲೆ ಎಲ್ಲಿ?"

"ನಂದು ನಿನ್ನೆನೇ ಖಾಲಿ ಆಯ್ತು."

"ನಂದು ಸಾಹೇಬರ ಜೇಬಲ್ಲಿದೆ. ಮತ್ತೆ ಇವಕ್ಕೆ ಯಾರದು ಕಟ್ತೀಯ?"

"ನನ್ನ ಉಳಿಸೋಕೆ ಹೀಗೆಲ್ಲ ಮಾಡಿದ್ಯಾ ಅಕ್ಕ?" ಎಂದೆ.

"ನಿನ್ನ ಉಳಿಸೋಕೆ?" ಅವಳು ಮೂಗು ಮುರಿದಳು. "ನೀನು ಯಾವ ಗುಂಡಿಗೆ ಬಿದ್ರೂ ನಂಗೇನು. ಕೆರೆ ಲೆಕ್ಕ ತಪ್ಪಬಾರದು ಅಂತ ಮಾಡಿದೆ. ಬಂದು ನೋಡು ಅಂದೆ, ಬಂದ್ಯಾ? ಈಗ ತಗೊಂಡು ಹೋಗು, ಬೇಲಿ ಆಚೆ ಎಸಿ. ಯಾರೂ ಕಂಡಿಲ್ಲ."

ಯಾರೂ ಕಂಡಿಲ್ಲ ಎಂಬ ಆ ಒಂದು ಮಾತು ಕಪಾಳಕ್ಕೆ ಹೊಡೆದ ಹಾಗಾಯಿತು. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ, ಅದು ನನಗೆ ಚೆನ್ನಾಗಿ ಬರುತ್ತದೆ. ಬುಟ್ಟಿ ಎತ್ತಿಕೊಂಡು ಮೆಟ್ಟಿಲಿಳಿದೆ. ಬೀದಿಯ ಕೊನೆಯಲ್ಲಿ ಕಸದ ತೊಟ್ಟಿ ಇತ್ತು. ಅದರ ಮುಂದೆ ನಿಂತೆ ಕೂಡ, ಸುಳ್ಳೇಕೆ ಹೇಳಲಿ. ಆಮೇಲೆ ಕಚೇರಿಯ ದಾರಿ ಹಿಡಿದೆ.

ಸಾಹೇಬರ ಮೇಜಿನ ಮೇಲೆ ಕಾಗದ ಹಾಸಿ ಮೂರು ಮೀನನ್ನೂ ಸಾಲಾಗಿ ಇಟ್ಟು, ಪಕ್ಕದಲ್ಲಿ ಬುಟ್ಟಿ ಇಟ್ಟೆ. ಗೀರಿನ ಮೇಲೆ ತಂತಿಯ ಚೌಕವನ್ನು ಒತ್ತಿ ತೋರಿಸಿದೆ. ಬೆಸುಗೆ ಹಾಕಿದಷ್ಟು ಸರಿಯಾಗಿ ಕೂತಿತು. ಅವರು ಮೂಗು ಮುಚ್ಚಿಕೊಂಡು ಎಲ್ಲವನ್ನೂ ಕೇಳಿದರು. "ಪಾಸು ಹೋಗುತ್ತೆ, ಗೊತ್ತಾ? ಒಂದು ವರ್ಷ ಎರಡು ವರ್ಷಕ್ಕಲ್ಲ, ಪೂರ್ತಿ," ಎಂದರು. ಗೊತ್ತು ಎಂದೆ. ಅರ್ಜಿಯನ್ನು ತರಿಸಿ, ಮೇಲಿನ ದೊಡ್ಡ ಸಹಿಯ ಮೇಲೆ ನನ್ನ ಕೈಯಿಂದಲೇ ಗೀಟು ಹಾಕಿಸಿದರು. ಮೇಷ್ಟ್ರ ಐದು ಮೀನಿನ ಸಂಗತಿಯನ್ನೂ ಹೇಳಿ ಬಂದೆ. ಹೇಳದೆ ಇರಲು ನನಗೇನು ಹುಚ್ಚೆ?

ವಾರದೊಳಗೆ ಅಕ್ಕನಿಗೆ ಕೆಲಸ, ಕೋಣೆ ಎರಡೂ ವಾಪಸಾದವು. ಟ್ರಂಕನ್ನು ತಳ್ಳುಗಾಡಿಯಲ್ಲಿ ಹಾಕಿಕೊಂಡು ನಾನೇ ಗೇಟಿನವರೆಗೆ ತಂದೆ. ಬೀಗ ತೆರೆದು ಒಳಗೆ ಹೋದವಳು ತಿರುಗಿ ನಿಂತು ಕೈ ಅಡ್ಡ ಹಿಡಿದಳು.

"ಪಾಸು?"

"ಅಕ್ಕಾ, ಟ್ರಂಕು ಭಾರ ಇದೆ. ಒಳಗಿಟ್ಟು ಹೋಗ್ತೀನಿ."

"ಪಾಸು ಇಲ್ದೋರು ಒಳಗೆ ಬರೋ ಹಾಗಿಲ್ಲ. ಅಲ್ಲೇ ಇಳಿಸು."

ಇಳಿಸಿದೆ. ಐವತ್ತೆಂಟು ವರ್ಷದ ಹೆಂಗಸು ಆ ಟ್ರಂಕನ್ನು ದರದರ ಎಳೆದುಕೊಂಡು ಹೋದಳು. ಥೂ, ಇಂಥವಳಿಗಾಗಿ ನನ್ನ ಭಾನುವಾರಗಳನ್ನೆಲ್ಲ ಕಳೆದುಕೊಂಡೆನಲ್ಲ ಎಂದು ದಾರಿಯುದ್ದಕ್ಕೂ ಅವಳನ್ನು ಬೈಯುತ್ತಾ ಗಾಡಿ ತಳ್ಳಿದೆ. ಮನೆಗೆ ಬಂದವನೇ ಇಕ್ಕಳ ತೆಗೆದುಕೊಂಡು ಬುಟ್ಟಿಯನ್ನು ತುಂಡು ತುಂಡು ಮಾಡಿದೆ.

ಈಚೆಗೆ ಒಂದು ಸೋಮವಾರ ಬೇಲಿಯಲ್ಲಿ ಬಾಕಿ ಉಳಿದಿದ್ದ ಕೆಲಸಕ್ಕೆ ಹೋಗಿದ್ದೆ, ಹೊರಗಿನಿಂದಲೇ. ಹಲಗೆ ಅಲ್ಲಿಗೂ ಕಾಣುತ್ತದೆ. ಹದಿನೇಳನೇ ಮೊಳೆಯನ್ನು ಕಿತ್ತಿದ್ದರು, ತೂತು ಮಾತ್ರ ಇತ್ತು. ಒಂದನೆಯದರಲ್ಲಿ ಮೂರೂ ಬಿಲ್ಲೆ ತೂಗುತ್ತಿದ್ದವು. ಅಕ್ಕ ಕೋಡಿಯ ಕಟ್ಟೆಯ ಮೇಲೆ ಗಾಳ ಹಿಡಿದು ಕೂತಿದ್ದಳು. ನಾನು ನೋಡುತ್ತಿದ್ದ ಹಾಗೆಯೇ ದಾರ ಬಿಗಿಯಿತು. ಮೀನು ಮೇಲೆ ಬಂತು, ಒಳ್ಳೆಯ ಮೀನು, ನಾನಾಗಿದ್ದರೆ ಕಣ್ಣಿಗೊತ್ತಿಕೊಂಡು ಮನೆಗೆ ಒಯ್ಯುತ್ತಿದ್ದೆ. ಅವಳು ಕೈಯನ್ನು ನೀರಿನಲ್ಲಿ ಅದ್ದಿ, ಅದನ್ನು ಕೋಲಿನ ಮೇಲೆ ಇಟ್ಟು ನೋಡಿದಳು. ಅರ್ಧ ಬೆರಳು ಕಡಿಮೆ ಇದ್ದಿರಬೇಕು. ಮತ್ತೆ ಕೈ ಅದ್ದಿ, ಬಗ್ಗಿ, ನೀರಿಗೆ ಬಿಟ್ಟಳು. ಬೇಲಿಯಾಚೆ ನಿಂತಿದ್ದ ನನ್ನ ಕಡೆ ತಿರುಗಿಯೂ ನೋಡಲಿಲ್ಲ.